ಗಂಟೆ ಹೆಚ್ಚಿಸಿದರೆ ಉತ್ಪಾದಕತೆ ಹೆಚ್ಚೀತೇ?

2023ರ ಫೆಬ್ರುವರಿಯಲ್ಲಿ ಕರ್ನಾಟಕ ವಿಧಾನಮಂಡಲ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿಕೊಟ್ಟಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಓವರ್‌ಟೈಮ್ ಮಿತಿ 144ಕ್ಕೇರಿತು. ವಾರಕ್ಕೆ 48 ಗಂಟೆಯ ಮಿತಿ ಹಾಗೇ ಇದೆಯಲ್ಲ, ಕಾರ್ಮಿಕರ ಒಪ್ಪಿಗೆಯೂ ಬೇಕಲ್ಲ, ಮತ್ತೇಕೆ ತಕರಾರು ಎನ್ನುವವರು ಲೆಕ್ಕ ಹಾಕಿ ನೋಡಲಿ. 144 ಗಂಟೆಯನ್ನು ಹದಿಮೂರು ವಾರಗಳಿಗೆ ಹಂಚಿದರೆ ವಾರಕ್ಕೆ ಹನ್ನೊಂದು ಗಂಟೆ. ಅಲ್ಲಿಗೆ ವಾರದ ದುಡಿಮೆ 59 ಗಂಟೆ ಮುಟ್ಟುತ್ತದೆ. ಇಷ್ಟು ದುಡಿಸಿದರೆ ಮಾಲು ಹೆಚ್ಚು ಬರುತ್ತದೆಂಬ ನಂಬಿಕೆಯೇ ಪೊಳ್ಳು.

ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದುಡಿದವರ, ಅವರಲ್ಲಿ ಬಹುಪಾಲು ಹೆಂಗಸರ, ದಾಖಲೆಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ 2014ರಲ್ಲಿ ಮತ್ತೆ ವಿಶ್ಲೇಷಿಸಿದರು. ವಾರಕ್ಕೆ ಸುಮಾರು 50 ಗಂಟೆ ದಾಟಿದ ಮೇಲೆ ಪ್ರತಿ ಹೆಚ್ಚುವರಿ ಗಂಟೆಯ ಫಲ ಇಳಿಯುತ್ತ ಹೋಗಿತ್ತು. 70 ಗಂಟೆಯ ಉತ್ಪಾದನೆಗೂ 56 ಗಂಟೆಯ ಉತ್ಪಾದನೆಗೂ ಹೆಚ್ಚು ಅಂತರವಿರಲಿಲ್ಲ. ನೂರು ವರ್ಷ ಹಿಂದಿನ ಪರದೇಶದ ಮಾತು ನಮಗೇಕೆ ಎನ್ನುವವರಿಗೆ, ಉತ್ಪಾದನೆ ಬರೀ ಗಂಟೆಗಳಿಂದ ಬರುವುದಲ್ಲವೆಂಬುದಕ್ಕೆ ಬೆಂಗಳೂರಿನದೇ ಸಾಕ್ಷ್ಯವಿದೆ. ಇಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಕರೆಂಟು ಉಳಿಸಲೆಂದು ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದಾಗ ಹೊಲಿಗೆ ಲೈನುಗಳಲ್ಲಿ ಸೆಕೆ ತಗ್ಗಿತು. ಬಿಸಿಲು ಹೆಚ್ಚಿದ ದಿನಗಳಲ್ಲಿ ಉತ್ಪಾದಕತೆಗೆ ಬೀಳುತ್ತಿದ್ದ ಪೆಟ್ಟೂ ಬಹುಮಟ್ಟಿಗೆ ತಪ್ಪಿತೆಂದು ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಅಂದರೆ ಟಾರ್ಗೆಟ್ ಮುಟ್ಟದ್ದಕ್ಕೆ ಕಾರ್ಮಿಕರ ಸೋಮಾರಿತನವನ್ನು ದೂರುವ ಮುನ್ನ ತಲೆಯ ಮೇಲಿನ ದೀಪವನ್ನೂ ನೋಡಬೇಕು.

ಕಾರ್ಖಾನೆಯ ಗೋಡೆಯಾಚೆಗಿನ ಬದುಕೂ ಈ ಲೆಕ್ಕಕ್ಕೆ ಸೇರುತ್ತದೆ. ಗಾರ್ಮೆಂಟ್ಸ್‌ನಲ್ಲಿ ಹೆಚ್ಚಿನವರು ಹೆಂಗಸರು. ಅಡುಗೆ, ನೀರು, ಮಕ್ಕಳು ಎಲ್ಲವೂ ಅವರ ತಲೆಗೇ. ದುಡಿಮೆಯ ದಿನ ಉದ್ದವಾದಷ್ಟೂ ಅವರ ನಿದ್ದೆ ಮೊಟಕಾಗುತ್ತದೆ. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಶಿಶುವಿಹಾರ ಇರಲೇಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ಹೇಳಿದ್ದು ಉಪಕಾರಕ್ಕಲ್ಲ. ಮಗುವಿನ ಚಿಂತೆಯಲ್ಲಿರುವ ತಾಯಿಯ ಕೈ ಮಿಷಿನ್ನಿನ ಮೇಲೆ ನಿಲ್ಲದು. ಅವಳು ರಜೆ ಹಾಕಿದರೆ ಲೈನೇ ಕುಂಟುತ್ತದೆ. ಕೆಲಸ ಬಿಟ್ಟರೆ ಹೊಸಬರು ಪಳಗುವ ತನಕ ಪೀಸುಗಳು ಕೆಡುತ್ತವೆ. ಸಂಬಳ, ಪಾಳಿಗಳ ವಿಷಯದಲ್ಲಿ ನಂಬಿಕೆ ಮುರಿದರೆ ಏನಾಗುತ್ತದೆಂಬುದಕ್ಕೆ ಕೋಲಾರ ಜಿಲ್ಲೆಯ ನರಸಾಪುರವಿದೆ. ಅಲ್ಲಿನ ವಿಸ್ಟ್ರಾನ್ ಐಫೋನ್ ಕಾರ್ಖಾನೆ ಪಾಳಿಯನ್ನು ಎಂಟರಿಂದ ಹನ್ನೆರಡು ಗಂಟೆಗೆ ಏರಿಸಿದ್ದು 2020ರ ಅಕ್ಟೋಬರ್‌ನಲ್ಲಿ. ವೇತನ ಸರಿಯಾಗಿ ಬರಲಿಲ್ಲವೆಂಬ ಸಿಟ್ಟು ದಾಂಧಲೆಯಾಗಿ ಸಿಡಿದದ್ದು ಡಿಸೆಂಬರ್‌ನಲ್ಲಿ. ದಾಂಧಲೆಗೆ ಸಮರ್ಥನೆಯಿಲ್ಲ. ಆದರೆ ಕಾರ್ಖಾನೆ ವಾರಗಟ್ಟಲೆ ನಿಂತದ್ದರಿಂದ ಆದ ನಷ್ಟವನ್ನು ಯಾವ ಓವರ್‌ಟೈಮ್ ತುಂಬಿಕೊಟ್ಟೀತು?

ಬಾಂಗ್ಲಾದೇಶ, ವಿಯೆಟ್ನಾಂ ಜೊತೆ ಪೈಪೋಟಿ ಇದೆ, ನಿಜ. ಆದರೆ ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ ಕೊಟ್ಟು ದಣಿದ ಕೈಗಳಿಂದ ಕೆಟ್ಟ ಪೀಸು ಹೊಲಿಸುವುದು ಪೈಪೋಟಿಗೆ ತಕ್ಕ ದಾರಿಯಲ್ಲ. ಕಾರ್ಮಿಕರೇ ಓವರ್‌ಟೈಮ್ ಕೇಳುತ್ತಾರೆಂಬ ವಾದವೂ ಇದೆ. ಕೇಳುತ್ತಾರೆ, ಮೂಲ ಸಂಬಳದಲ್ಲಿ ಬಾಡಿಗೆ, ಫೀಸು ಹೊಂದುವುದಿಲ್ಲವಾದ್ದರಿಂದ. ಅದು ಒಪ್ಪಿಗೆಯಲ್ಲ, ಇಕ್ಕಟ್ಟು. ಸರ್ಕಾರಕ್ಕೆ ಉತ್ಪಾದಕತೆಯೇ ಬೇಕಿದ್ದರೆ 2023ರ ತಿದ್ದುಪಡಿಯನ್ನು ಹಿಂಪಡೆಯಲಿ. ಜವಳಿ ಉದ್ಯಮಕ್ಕೆ ಕೊಡುವ ಸಹಾಯಧನಕ್ಕೆ ಸೆಕೆ ತಗ್ಗಿಸುವ ವ್ಯವಸ್ಥೆ, ನಡೆಯುತ್ತಿರುವ ಶಿಶುವಿಹಾರ, ಬದುಕಲು ಸಾಲುವ ಕನಿಷ್ಠ ವೇತನ ಎಂಬ ಮೂರು ಷರತ್ತು ಹಾಕಲಿ.