ಕಾಟಾ ಯಾರ ಕೈಯಲ್ಲಿ?

ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಸುತ್ತಲಿನ ಹಳ್ಳಿಗಳ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ಸಾಲುಗಟ್ಟುತ್ತವೆ. ರೈತನ ವರ್ಷದ ದುಡಿಮೆ ಕೊನೆಗೆ ಬಂದು ನಿಲ್ಲುವುದು ಎರಡು ಅಂಕಿಗಳ ಮೇಲೆ: ಗಾಡಿಯ ತೂಕ, ಕಬ್ಬಿನ ಸಕ್ಕರೆ ಇಳುವರಿ. 2025–26ರ ಹಂಗಾಮಿಗೆ ಕೇಂದ್ರ ಸರಕಾರ ಗೊತ್ತುಮಾಡಿದ ಕಬ್ಬಿನ ಕನಿಷ್ಠ ಬೆಲೆ, ಅಂದರೆ ಎಫ್‌ಆರ್‌ಪಿ ಕ್ವಿಂಟಲಿಗೆ 355 ರೂಪಾಯಿ. ಅದು ಶೇ 10.25 ಇಳುವರಿಗೆ ಕಟ್ಟಿದ ಬೆಲೆ. ತೂಕ ನಡೆಯುವುದು ಕಾರ್ಖಾನೆಯ ಕಾಟಾದಲ್ಲಿ, ಇಳುವರಿ ತೆಗೆಯುವುದು ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಹಣ ಕೊಡುವವರೇ ತೂಗುವವರು. ಅದಕ್ಕೇ ಕರ್ನಾಟಕದ ಕಬ್ಬು ಬೆಳೆಗಾರರು ಕಾರ್ಖಾನೆಗಳ ಎದುರು ಸರಕಾರದ್ದೇ ತೂಕದ ಕಾಟಾ ಇರಲಿ ಎಂದು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಯಾವ ಕಾರ್ಖಾನೆ ಪ್ರಾಮಾಣಿಕ, ಯಾವುದು ಅಲ್ಲ ಎಂಬ ಚರ್ಚೆಗಿಂತ ಆಳದ ಬೇಡಿಕೆ ಅದು. ಲೆಕ್ಕ ಒಪ್ಪಿಸಬೇಕಾದವರ ಕೈಯಲ್ಲೇ ತಕ್ಕಡಿ ಇರಬಾರದು.

ಹೊಲದಲ್ಲಿ ದುಡಿಯುವವರಿಗೆ ಸ್ಪಷ್ಟವಾಗಿರುವ ಈ ಮಾತು ಕಂಪ್ಯೂಟರ್ ಭದ್ರತೆಯ ಕೋಣೆಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ಬ್ಯಾಂಕಿರಲಿ, ಸರಕಾರಿ ಇಲಾಖೆಯಿರಲಿ, ಐಟಿ ಭದ್ರತೆಗೆಂದೇ ಈಗ ತಂಡಗಳಿವೆ. ಅವಕ್ಕೆ ವರ್ಷಕ್ಕೊಮ್ಮೆ ಗುರಿ ಕೊಡಬೇಕು, ಆ ಗುರಿ ಅಂಕಿಗಳಲ್ಲಿರಬೇಕು ಎಂದು ಆಡಳಿತ ಬಯಸುತ್ತದೆ. ಬಯಕೆ ನ್ಯಾಯವಾದದ್ದೇ. ಆದರೆ ಏನನ್ನು ಎಣಿಸಬೇಕು, ಯಾರು ಎಣಿಸಬೇಕು ಎಂಬಲ್ಲಿ ಎಡವಟ್ಟಾಗುತ್ತದೆ. ಅದನ್ನು ಅರಿಯಲು ದೂರ ಹೋಗಬೇಕಿಲ್ಲ. ಪಕ್ಕದ ಆಳಂದದಲ್ಲೇ ದೇಶವೆಲ್ಲ ಚರ್ಚಿಸಿದ ಪ್ರಕರಣವೊಂದಿದೆ.

2022ರ ಡಿಸೆಂಬರ್. ವಿಧಾನಸಭೆ ಚುನಾವಣೆಗೆ ಇನ್ನು ಐದಾರು ತಿಂಗಳು. ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯುವಂತೆ ನಮೂನೆ 7ರ ಅರ್ಜಿಗಳು ಆನ್‌ಲೈನಿನಲ್ಲಿ ಬಂದು ಬಿದ್ದವು. ಒಟ್ಟು 6,018. ಈ ಅರ್ಜಿಯನ್ನು ಅದೇ ಕ್ಷೇತ್ರದ ಮತದಾರರೇ ಹಾಕಬೇಕೆಂಬುದು ನಿಯಮ. ಇಲ್ಲಿಯೂ ಅರ್ಜಿದಾರರ ಜಾಗದಲ್ಲಿ ಇದ್ದದ್ದು ಕ್ಷೇತ್ರದ ನಿಜವಾದ ಮತದಾರರ ಹೆಸರು, ಗುರುತಿನ ಚೀಟಿಯ ಸಂಖ್ಯೆ. ಹೊರನೋಟಕ್ಕೆ ಎಲ್ಲವೂ ಸರಿಯಾಗಿತ್ತು. ಮೋಸ ಬಿದ್ದದ್ದು ಒಬ್ಬ ಮತಗಟ್ಟೆ ಮಟ್ಟದ ಅಧಿಕಾರಿಯ, ಅಂದರೆ ಬಿಎಲ್‌ಒ ಕಣ್ಣಿಗೆ. ತೆಗೆಯಬೇಕಾದ ಹೆಸರುಗಳಲ್ಲಿ ಆಕೆಯ ಬಂಧುವಿನ ಹೆಸರೂ ಇತ್ತು. ಅರ್ಜಿ ಹಾಕಿದ್ದಾರೆಂದು ತೋರಿಸಲಾಗಿದ್ದವರು ಅದೇ ಊರಿನವರು. ಅವರನ್ನು ಕೇಳಿದರೆ, ತಾವು ಯಾವ ಅರ್ಜಿಯನ್ನೂ ಹಾಕಿಲ್ಲ ಎಂದರು. ಸುದ್ದಿ ಆಗ ಶಾಸಕ ಸ್ಥಾನದ ಆಕಾಂಕ್ಷಿಯಾಗಿದ್ದ ಬಿ.ಆರ್. ಪಾಟೀಲರಿಗೆ ಮುಟ್ಟಿತು, ದೂರು ಹೋಯಿತು. ಮತಗಟ್ಟೆ ಸಿಬ್ಬಂದಿ ಮನೆಮನೆ ತಿರುಗಿ ವಿಚಾರಿಸಿದರು. 6,018ರಲ್ಲಿ ನಿಜವಾದವು 24. ಉಳಿದ 5,994 ಅರ್ಜಿ ತಿರಸ್ಕೃತವಾದವು. ಚುನಾವಣಾ ನೋಂದಣಾಧಿಕಾರಿಯೇ ದೂರು ಕೊಟ್ಟು 2023ರ ಫೆಬ್ರುವರಿ 21ರಂದು ಆಳಂದ ಠಾಣೆಯಲ್ಲಿ ಎಫ್‌ಐಆರ್ ದಾಖಲಾಯಿತು. ಮುಂದೆ ಮೇ ತಿಂಗಳ ಚುನಾವಣೆಯಲ್ಲಿ ಪಾಟೀಲರು ಗೆದ್ದ ಅಂತರ ಹತ್ತು ಸಾವಿರದ ಆಸುಪಾಸು. ಅದರ ಪಕ್ಕದಲ್ಲಿಟ್ಟು ನೋಡಿದರೆ 5,994 ಎಂಬುದು ಸಣ್ಣ ಸಂಖ್ಯೆಯೇನಲ್ಲ.

ಈ ಪ್ರಕರಣವನ್ನು ಒಂದು ಭದ್ರತಾ ತಂಡದ ವಾರ್ಷಿಕ ವರದಿಯಾಗಿ ಬರೆದರೆ ಹೇಗಿರುತ್ತದೆ? ಬಂದ ಸುಳ್ಳು ಅರ್ಜಿ 5,994, ತಡೆದದ್ದು 5,994. ಯಶಸ್ಸು ಶೇ 100. ಆ ಅಂಕಿಯಲ್ಲಿ ಒಂದಿಷ್ಟೂ ಸುಳ್ಳಿಲ್ಲ. ಆದರೂ ಅದು ಮುಖ್ಯವಾದದ್ದನ್ನು ಮುಚ್ಚಿಡುತ್ತದೆ. ಕಳ್ಳತನವನ್ನು ಕಂಡದ್ದು ಊರಿನ ಪರಿಚಯವಿದ್ದ ಒಬ್ಬ ಹೆಣ್ಣುಮಗಳು. ಸಾವಿರಾರು ಅರ್ಜಿಗಳನ್ನು ಒಳಗೆ ಬಿಟ್ಟುಕೊಂಡ ತಂತ್ರಾಂಶ ಅಲ್ಲ. ಆಕೆಯ ಬಂಧುವಿನ ಹೆಸರು ಆ ರಾಶಿಯಲ್ಲಿ ಇಲ್ಲದಿದ್ದರೆ? ಅರ್ಜಿ ಇನ್ನೊಂದು ಊರಿನ ಬಿಎಲ್‌ಒ ಕೈಗೆ, ಕೆಲಸದ ಒತ್ತಡದ ದಿನ ಬಂದಿದ್ದರೆ? ಈ ಪ್ರಶ್ನೆಗಳಿಗೆ ಶೇ 100ರಲ್ಲಿ ಉತ್ತರವಿಲ್ಲ. ಮೊದಲ ಸುಳ್ಳು ಅರ್ಜಿ ಬಂದ ಗಳಿಗೆಯಿಂದ ಯಾರಿಗಾದರೂ ಅನುಮಾನ ಹುಟ್ಟುವವರೆಗೆ ಎಷ್ಟು ದಿನ ಕಳೆದವು, ಅನುಮಾನ ಹುಟ್ಟಿಸಿದ್ದು ವ್ಯವಸ್ಥೆಯೋ ಅದೃಷ್ಟವೋ ಎಂಬ ಎರಡು ಲೆಕ್ಕಗಳಲ್ಲಿ ಮಾತ್ರ ಉತ್ತರ ಇರಲು ಸಾಧ್ಯ.

ಭದ್ರತಾ ತಂಡಗಳಿಗೆ ಎಲ್ಲಕ್ಕಿಂತ ಸುಲಭವಾಗಿ ಸಿಗುವ ಅಂಕಿ ತಡೆದ ದಾಳಿಗಳದ್ದು. ಇಷ್ಟು ಲಕ್ಷ ದಾಳಿಯನ್ನು ಫೈರ್‌ವಾಲ್ ತಳ್ಳಿಹಾಕಿತು ಎಂದು ಪ್ರತಿ ತಿಂಗಳು ಬಣ್ಣದ ನಕ್ಷೆ ಬರುತ್ತದೆ. ಆ ಸಂಖ್ಯೆ ಏರಿದರೂ ತಂಡಕ್ಕೆ ಒಳ್ಳೆಯದು, ಇಳಿದರೂ ಒಳ್ಳೆಯದು: ಏರಿದರೆ ಹೆಚ್ಚು ತಡೆದೆವು, ಇಳಿದರೆ ಕಳ್ಳರು ಹೆದರಿದರು. ಎತ್ತ ಹೋದರೂ ಸಮಾಧಾನ ಕೊಡುವ ಅಂಕಿಯನ್ನು ಗುರಿ ಎಂದು ಕರೆಯಲಾಗದು.

ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಅನುಭವ ನೋಡಿ. 2025ರ ಜನವರಿಯಲ್ಲಿ ಅದರ ಮೇಲೆ ನಕಲಿ ಕೋರಿಕೆಗಳ ಮಳೆ ಸುರಿಯಿತು. ಅಧಿಕಾರಿಗಳು ಕೊಟ್ಟ ಲೆಕ್ಕದಂತೆ ಎರಡೇ ಗಂಟೆಯಲ್ಲಿ 6.2 ಲಕ್ಷ ಕೋರಿಕೆ, ಅದೂ ಬರೇ 62 ಇಮೇಲ್ ಖಾತೆಗಳಿಂದ. ಪತ್ರಿಕೆಗಳು ಎತ್ತಿ ಬರೆದದ್ದು 6.2 ಲಕ್ಷವನ್ನು. ಉಪನೋಂದಣಾಧಿಕಾರಿ ಕಚೇರಿಯ ಬೆಂಚಿನ ಮೇಲೆ ಸಾಕ್ಷಿದಾರರನ್ನು ಕರೆದುಕೊಂಡು ಕುಳಿತವರಿಗೆ ಆ ಅಂಕಿಯಿಂದ ಆಗಬೇಕಾದ್ದು ಏನೂ ಇರಲಿಲ್ಲ. ಕೆಲಸ ಎಷ್ಟು ಹೊತ್ತು ನಿಂತಿತು, ಮತ್ತೆ ಯಾವಾಗ ಶುರುವಾಯಿತು ಎಂಬುದೇ ಅವರ ಲೆಕ್ಕ. ಗುರಿ ಇಡಬೇಕಾದದ್ದೂ ಅದರ ಮೇಲೆಯೇ: ಕುಸಿದ ಸೇವೆ ಎಷ್ಟು ಗಂಟೆಯೊಳಗೆ ಎದ್ದು ನಿಲ್ಲಬೇಕು?

ಇದೇ ನೋಂದಣಿ ದಾಖಲೆಗಳ ಇನ್ನೊಂದು ಕಥೆ ಹೆಚ್ಚು ಕಳವಳಕಾರಿ. 2023ರಲ್ಲಿ ರಾಜ್ಯದ ಹಲವರ ಬ್ಯಾಂಕ್ ಖಾತೆಗಳಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಮಾಯವಾಯಿತು. ಒಟಿಪಿ ಇಲ್ಲ, ಕರೆ ಇಲ್ಲ. ಕ್ರಯಪತ್ರದ ಸ್ಕ್ಯಾನ್ ಪ್ರತಿಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಲಾಗಿದೆ ಎಂದು ಪೊಲೀಸರು ಕಂಡುಕೊಂಡರು. ನೋಂದಣಿ ಇಲಾಖೆ ಆಮೇಲೆ ಬೆರಳಚ್ಚುಗಳನ್ನು ಮರೆಮಾಚಿತು. ಇಲ್ಲಿ ಯಾರೂ ಗೋಡೆ ಒಡೆದು ನುಗ್ಗಿರಲಿಲ್ಲ. ಶುಲ್ಕ ಕಟ್ಟಿ ಪಡೆಯಬಹುದಾದ ದಾಖಲೆಯೊಳಗೇ ಬೀಗದ ಕೈ ಇತ್ತು. ತಡೆದ ದಾಳಿಗಳನ್ನು ಎಷ್ಟು ನಿಷ್ಠೆಯಿಂದ ಎಣಿಸಿದ್ದರೂ ಇದು ಆ ಲೆಕ್ಕದಲ್ಲಿ ಕಾಣುತ್ತಲೇ ಇರಲಿಲ್ಲ. ಎಣಿಸಬೇಕಿದ್ದದ್ದು ಬೇರೆ: ಜನರ ಬೆರಳಚ್ಚು, ಆಧಾರ್ ಸಂಖ್ಯೆ ಒಟ್ಟಿಗೇ ಇರುವ ಎಷ್ಟು ದಾಖಲೆಗಳು ಹೊರಗಿನವರ ಕಣ್ಣಿಗೆ ಬೀಳುತ್ತವೆ? ಆ ಸಂಖ್ಯೆಯನ್ನು ಸೊನ್ನೆಗೆ ಇಳಿಸುವುದು ಸ್ಪಷ್ಟವಾದ ಗುರಿ. ಹೊರಗಿನವರು ಬಂದು ಪರಿಶೀಲಿಸಬಹುದಾದ ಗುರಿ.

ಗುರಿ ಸರಿಯಾಗಿದ್ದರೂ ಸಾಲದು ಎಂಬುದಕ್ಕೆ ಅಮೆರಿಕದ ಇಕ್ವಿಫ್ಯಾಕ್ಸ್ ಸಾಕ್ಷಿ. ಜನರ ಸಾಲದ ಚರಿತ್ರೆಯನ್ನು ಕಾಯ್ದಿಡುವ ಕಂಪನಿ ಅದು. ಗಂಭೀರ ದೋಷ ಪತ್ತೆಯಾದರೆ 48 ಗಂಟೆಯೊಳಗೆ ಪ್ಯಾಚ್, ಅಂದರೆ ದೋಷ ಮುಚ್ಚುವ ತೇಪೆ, ಹಾಕಬೇಕು ಎಂಬ ನಿಯಮ ಅಲ್ಲಿತ್ತು. ಅಂಕಿಯಿದೆ, ಗಡುವಿದೆ, ಗುರಿ ಎಂದರೆ ಹೀಗಿರಬೇಕು ಎಂದು ಯಾರಾದರೂ ಮೆಚ್ಚುವಂಥದ್ದು. 2017ರ ಮಾರ್ಚ್ 7ರಂದು ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ದೋಷ ಬಹಿರಂಗವಾಯಿತು. 9ರಂದು ಕಂಪನಿಯ 400ಕ್ಕೂ ಹೆಚ್ಚು ಮಂದಿಗೆ ಇಮೇಲ್ ಹೋಯಿತು. ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ಒಂದು ಹಳೆಯ ಯಂತ್ರಕ್ಕೆ ಮಾತ್ರ ಯಾರೂ ಪ್ಯಾಚ್ ಹಾಕಲಿಲ್ಲ. ಮೇ ತಿಂಗಳ ನಡುವೆ ಕಳ್ಳರು ಅದರ ಮೂಲಕವೇ ಒಳಹೊಕ್ಕು 76 ದಿನ ಓಡಾಡಿದರು. 14 ಕೋಟಿಗೂ ಹೆಚ್ಚು ಜನರ ವಿವರ ಹೋಯಿತು. ಒಳಗೆ ಹರಿದಾಡುವ ಮಾಹಿತಿಯನ್ನು ಕಾಯಬೇಕಿದ್ದ ಉಪಕರಣದ ಪ್ರಮಾಣಪತ್ರ ಅವಧಿ ಮುಗಿದು ತಿಂಗಳುಗಟ್ಟಲೆ ಹಾಗೇ ಬಿದ್ದಿತ್ತು. 48 ಗಂಟೆ ಎಂದು ಬರೆದಿಟ್ಟವರು ಇದ್ದರು. 49ನೆಯ ಗಂಟೆಗೆ ಹೋಗಿ ಯಂತ್ರವನ್ನು ಮುಟ್ಟಿ ನೋಡುವವರು ಇರಲಿಲ್ಲ.

ಹವಳಗಾದ ಕಾಟಾ ಇಲ್ಲಿ ನೆನಪಾಗುತ್ತದೆ. ಪ್ಯಾಚ್ ಹಾಕುವ ತಂಡವೇ ಪ್ಯಾಚ್ ಆಯಿತೆಂದು ಟಿಕ್ ಹಾಕಿದರೆ ಅದು ತೂಕವಲ್ಲ, ಹೇಳಿಕೆ. ನಕಲಿ ಇಮೇಲ್ ಕಳಿಸಿ ನೌಕರರನ್ನು ಪರೀಕ್ಷಿಸುವ ರೂಢಿಯಲ್ಲೂ ಇದೇ ತೊಡಕು. ಎಷ್ಟು ಮಂದಿ ಅದರೊಳಗಿನ ಕೊಂಡಿ ಒತ್ತಿದರು ಎಂಬುದನ್ನೇ ಗುರಿಯಾಗಿಟ್ಟರೆ ಮುಂದಿನ ಬಾರಿ ಇಮೇಲನ್ನು ಮಗುವೂ ಗುರುತಿಸುವಷ್ಟು ಸುಲಭ ಮಾಡಿದರಾಯಿತು, ಅಂಕಿ ತಾನಾಗಿ ಸುಧಾರಿಸುತ್ತದೆ. ಒತ್ತಿದವರ ಹೆಸರನ್ನು ಸಭೆಯಲ್ಲಿ ಓದಿದರಂತೂ ನಿಜವಾದ ಮೋಸ ನಡೆದ ದಿನ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕಿಂತ, ಅನುಮಾನದ ಇಮೇಲ್ ಬಂದಾಗ ಮೊದಲ ಎಚ್ಚರಿಕೆ ಎಷ್ಟು ನಿಮಿಷಕ್ಕೆ ಬಂತು ಎಂದು ಎಣಿಸುವುದು ಮೇಲು. ಆಗ ಒತ್ತಿಬಿಟ್ಟವನೂ ಓಡಿಬಂದು ಹೇಳುತ್ತಾನೆ. ಆಳಂದದ ಬಿಎಲ್‌ಒ ಮಾಡಿದ್ದೂ ಅದನ್ನೇ: ಕಂಡಳು, ಕೂಡಲೇ ಹೇಳಿದಳು. ಅಂಥವರನ್ನು ಹೆಚ್ಚಿಸುವ ಅಳತೆಯೇ ಒಳ್ಳೆಯ ಅಳತೆ.

ಭಾರತದಲ್ಲಿ ಕಾನೂನೇ ಕೆಲವು ಅಂಕಿಗಳನ್ನು ಕೊಟ್ಟಿದೆ. ಸೈಬರ್ ಭದ್ರತೆಯ ಕೇಂದ್ರ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಗಣಕಗಳ ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಎಲ್ಲಿಂದ ಬಂದು ಏನು ಮಾಡಿದರು ಎಂಬ ದಾಖಲೆಯನ್ನು, 180 ದಿನ ಉಳಿಸಿಕೊಳ್ಳಬೇಕು. ಮೊದಲನೆಯದು ಸರಿಯಾದ ಕಟ್ಟಳೆ. ಎರಡನೆಯದು ಸಾಲದು ಎಂದು ಆಳಂದವೇ ತೋರಿಸಿಕೊಟ್ಟಿತು. ಪ್ರಕರಣ ಕೈಗೆತ್ತಿಕೊಂಡ ಸಿಐಡಿಯ ತನಿಖೆ ಮುಂದುವರಿಯಲು ಅರ್ಜಿಗಳು ಯಾವ ಗಣಕಗಳಿಂದ ಬಂದವು ಎಂಬ ತಾಂತ್ರಿಕ ವಿವರ ಬೇಕಾಯಿತು. ತನ್ನಲ್ಲಿದ್ದ ಮಾಹಿತಿಯನ್ನೆಲ್ಲ 2023ರ ಸೆಪ್ಟೆಂಬರ್ 6ರಂದೇ ಜಿಲ್ಲಾ ಪೊಲೀಸರಿಗೆ ಕೊಡಲಾಗಿದೆ ಎಂದಿತು ಚುನಾವಣಾ ಆಯೋಗ. ತನಿಖಾಧಿಕಾರಿಗಳು ಇನ್ನಷ್ಟು ಬೇಕೆಂದು ಪತ್ರದ ಮೇಲೆ ಪತ್ರ ಬರೆದರು. ಅದು ರಾಜಕೀಯ ವಾಗ್ವಾದವಾಗಿ ದಿಲ್ಲಿ ತಲುಪಿ, ರಾಜ್ಯ ಸರಕಾರ ವಿಶೇಷ ತನಿಖಾ ತಂಡ ರಚಿಸುವ ಹೊತ್ತಿಗೆ 2025ರ ಸೆಪ್ಟೆಂಬರ್ ಬಂದಿತ್ತು. ಅರ್ಜಿಗಳು ಬಂದು ಸುಮಾರು ಸಾವಿರ ದಿನ ಕಳೆದಿದ್ದವು. ನಮ್ಮ ತನಿಖೆಗಳು ಸಾವಿರ ದಿನ ಹಿಡಿಯುವುದಾದರೆ 180 ದಿನದ ಲಾಗ್ ಅರ್ಧ ದಾರಿಯನ್ನೂ ಬೆಳಗುವುದಿಲ್ಲ. ಎಷ್ಟು ದಿನ ಉಳಿಸಬೇಕೆಂಬ ಗುರಿಯನ್ನು ಡಿಸ್ಕಿನ ಬೆಲೆ ನೋಡಿ ನಿರ್ಧರಿಸದೆ, ನ್ಯಾಯ ಸಿಗಲು ಇಲ್ಲಿ ಹಿಡಿಯುವ ಕಾಲವನ್ನು ನೋಡಿ ನಿರ್ಧರಿಸಬೇಕು.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಣೆ ಒಂದಿದೆ. ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಇದೆಲ್ಲ ಸಾಧ್ಯ. ಒಬ್ಬ ಕಾರ್ಯದರ್ಶಿ, ಒಂದು ಕಂಪ್ಯೂಟರ್ ಇರುವ ಹಳ್ಳಿಯ ಸೊಸೈಟಿ ಏನು ಮಾಡೀತು? ಪ್ರಶ್ನೆ ಸಣ್ಣದಲ್ಲ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ತೊಗರಿ ಬಿತ್ತನೆಗೆ ಸಾಲ ತೆಗೆದ ರೈತನ ಖಾತೆ ಇನ್ನು ಮೇಲೆ ಲೆಡ್ಜರಿನಲ್ಲಿರದೆ ಪರದೆಯ ಮೇಲಿರುತ್ತದೆ. ಅಲ್ಲಿ ಭದ್ರತಾ ತಂಡ ಎಂಬುದೇ ಇರುವುದಿಲ್ಲ, ನಿಜ. ಹಾಗೆಂದೇ ಅಲ್ಲಿ ಗುರಿ ಕಡಿಮೆಯಿರಲಿ, ಗಟ್ಟಿಯಾಗಿರಲಿ. ಕೆಲಸ ಬಿಟ್ಟವರ ಪಾಸ್‌ವರ್ಡ್ ಅದೇ ದಿನ ರದ್ದಾಗಬೇಕು. ಒಬ್ಬರ ಲಾಗಿನ್ ಇನ್ನೊಬ್ಬರು ಬಳಸುವುದು ಸೊನ್ನೆಯಾಗಬೇಕು. ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಇಡೀ ಖಾತೆಪುಸ್ತಕವನ್ನು ಬೇರೊಂದು ಯಂತ್ರದಲ್ಲಿ ಮತ್ತೆ ಕಟ್ಟಿ ತೋರಿಸಬೇಕು.

ಕೊನೆಯದನ್ನು ಒತ್ತಿ ಹೇಳಲು ಕಾರಣವಿದೆ. ತಂತ್ರಾಂಶ ಬರೆಯುವವರೇ ನೆಚ್ಚಿಕೊಂಡಿರುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರ್ ಕೈತಪ್ಪಿ ಮುಖ್ಯ ದತ್ತಸಂಚಯವನ್ನೇ ಅಳಿಸಿಬಿಟ್ಟ. ಮರಳಿ ಪಡೆಯಲು ಹೋದರೆ, ಇದ್ದ ಐದು ಬಗೆಯ ಬ್ಯಾಕಪ್ ಏರ್ಪಾಡುಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲ. ಯಾರೋ ಪ್ರಯೋಗಕ್ಕೆಂದು ಆರು ಗಂಟೆ ಮುಂಚೆ ತೆಗೆದಿಟ್ಟಿದ್ದ ಒಂದು ಪ್ರತಿ ಕಾಪಾಡಿತು. ಅಲ್ಲಿ ಬ್ಯಾಕಪ್ ಇದೆ ಎಂಬ ಉತ್ತರ ಎಲ್ಲರಲ್ಲೂ ಇತ್ತು. ಮರಳಿ ಕಟ್ಟಿ ನೋಡಿದ ದಿನಾಂಕ ಯಾರಲ್ಲೂ ಇರಲಿಲ್ಲ. ಆಳಂದದಂತೆ ಅಲ್ಲಿಯೂ ಕೈಹಿಡಿದದ್ದು ಆಕಸ್ಮಿಕ.

2025ರ ಸೆಪ್ಟೆಂಬರ್‌ನಲ್ಲಿ ಚುನಾವಣಾ ಆಯೋಗ ತನ್ನ ಆನ್‌ಲೈನ್ ಅರ್ಜಿಗಳಿಗೆ ಇ-ಸಹಿಯನ್ನು ಜೋಡಿಸಿತು. ಅದಕ್ಕೆ ಮುಂಚೆ ಮತದಾರರ ಚೀಟಿಯ ಸಂಖ್ಯೆಗೆ ಒಂದು ಮೊಬೈಲ್ ಸಂಖ್ಯೆ ಜೋಡಿಸಿ ಅರ್ಜಿ ಕಳಿಸಬಹುದಿತ್ತು. ಈಗ ಅರ್ಜಿದಾರ ಆಧಾರ್‌ಗೆ ಸೇರಿದ ಸಂಖ್ಯೆಗೆ ಬರುವ ಒಟಿಪಿ ಕೊಟ್ಟು ತಾನೇ ತಾನೆಂದು ತೋರಿಸಬೇಕು. ಒಳ್ಳೆಯ ಬಾಗಿಲು. ಅದು ಎಷ್ಟು ಗಟ್ಟಿ ಎಂದು ಆಯೋಗಕ್ಕೆ ಸೇರದ ಪರಿಣತರು ತಟ್ಟಿ ನೋಡಿ, ಕಂಡದ್ದನ್ನು ವರ್ಷಕ್ಕೊಮ್ಮೆ ಪ್ರಕಟಿಸಿದರೆ ಮತದಾರರಿಗೂ ನಂಬಿಕೆ ಬರುತ್ತದೆ.

ದಿಲ್ಲಿಯಲ್ಲಿ ಆಗಬೇಕಾದದ್ದು ಆಗಲಿ. ಆಳಂದ, ಅಫಜಲಪುರ, ಜೇವರ್ಗಿಯ ರೈತರ ಕೈಯಲ್ಲಿ ಇಂದೇ ಒಂದು ಅವಕಾಶವಿದೆ. ಸಹಕಾರ ಸಂಘಗಳು ಪ್ರತಿ ವರ್ಷ ಸೆಪ್ಟೆಂಬರ್‌ನೊಳಗೆ ವಾರ್ಷಿಕ ಮಹಾಸಭೆ ಕರೆಯುತ್ತವೆ, ಅಲ್ಲಿ ಪ್ರತಿ ಸದಸ್ಯನಿಗೂ ಎದ್ದು ನಿಂತು ಕೇಳುವ ಹಕ್ಕಿದೆ. ಮುಂದಿನ ಸಭೆಯಲ್ಲಿ ಲಾಭಾಂಶದ ಮಾತು ಮುಗಿದ ಮೇಲೆ ಕಾರ್ಯದರ್ಶಿಯನ್ನು ಕೇಳಿ: ನಮ್ಮ ಖಾತೆಗಳ ಬ್ಯಾಕಪ್ಪನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವ ತಾರೀಖು, ಆಗ ಪಕ್ಕದಲ್ಲಿ ನಿಂತು ನೋಡಿದ ಹೊರಗಿನವರು ಯಾರು? ಕೊಟ್ಟ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.