ಅಪರಾಧ ತಡೆ ಮತ್ತು ಹಿರಿಯರ ಹೇಳಿಕೆ

ಅಪರಾಧ ತಡೆಯ ಚಿಂತನೆ ನಮ್ಮಲ್ಲಿ ಠಾಣೆ, ನ್ಯಾಯಾಲಯಗಳ ಸುತ್ತಲೇ ನಿಂತಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅನುಭವ ಬೇರೆಯದನ್ನೇ ಸೂಚಿಸುತ್ತದೆ. ಕಾಡಂಚಿನ ಸಾಗುವಳಿದಾರನು 1963ರ ಕರ್ನಾಟಕ ಅರಣ್ಯ ಕಾಯಿದೆಯಡಿ ಒತ್ತುವರಿಯ ಆರೋಪಿಯಾಗಬಹುದು. 2006ರ ಅರಣ್ಯ ಹಕ್ಕು ಕಾಯಿದೆಯಡಿ ಅವನೇ ಹಕ್ಕುದಾರನೂ ಆಗಬಹುದು. ಈ ಎರಡು ಪದಗಳ ನಡುವೆ ನಿಂತಿರುವುದು ಪುರಾವೆ.

ಭೂಮಿ, ಕಾಡುಗಳ ಅಸಮಾಧಾನವೇ ಇಲ್ಲಿ ನಕ್ಸಲ್ ಚಳವಳಿಗೂ ನೆಲೆಯೊದಗಿಸಿತು. 2007ರ ಜುಲೈನಲ್ಲಿ ಮೆಣಸಿನಹಾಡ್ಯದಲ್ಲಿ ಐವರು ಗುಂಡಿಗೆ ಬಲಿಯಾದರು. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಶರಣಾದರು. ಶಸ್ತ್ರ ಕೆಳಗಿಳಿಯಿತು, ಪುರಾವೆಯ ಪ್ರಶ್ನೆ ಇಳಿಯಲಿಲ್ಲ.

ಪರಿಶಿಷ್ಟ ಪಂಗಡದವರಲ್ಲದ ಅರ್ಜಿದಾರರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರಿನ, ಎಂದರೆ 75 ವರ್ಷಗಳ, ನೆಲೆಯನ್ನು ತೋರಿಸಬೇಕು. ಕಾಗದವಿಲ್ಲದವರಿಗೆ ಇದು ದುಸ್ಸಾಧ್ಯ. ಆದರೆ 2008ರ ನಿಯಮಗಳು ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯನ್ನೂ ಪುರಾವೆಯ ಸಾಲಿನಲ್ಲಿ ಸೇರಿಸಿವೆ. ಕನ್ನಡ ಕ್ಷೇತ್ರಕಾರ್ಯವು ಹಾಡು, ಕಥೆಗಳನ್ನು ಸಂಗ್ರಹಿಸಿ, ಯಾವ ಗದ್ದೆಯನ್ನು ಯಾರು ತೆಗೆದರೆಂಬ ಮಾತನ್ನು ಹಿನ್ನೆಲೆಯೆಂದು ಬಿಟ್ಟುಬಿಡುತ್ತದೆ. ಸಂಶೋಧಕನ ಟಿಪ್ಪಣಿ ತೀರ್ಪಲ್ಲ. ತೂಗಿನೋಡುವುದು ಗ್ರಾಮಸಭೆಯ ಕೆಲಸ. ಆದರೆ 1930ರ ಆಚೆಗಿನ ನೆಲೆಯನ್ನು ಹಿರಿಯರ ಬಾಯಿಂದ ಕೇಳಿ ಬಲ್ಲವರು ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿದ್ದಾರೆ. ಅವರ ಮಾತು ದಾಖಲಾಗದೆ ಹೋದಲ್ಲಿ, ಹಕ್ಕುದಾರನು ಅಪರಾಧಿಯಾಗಿಯೇ ಉಳಿಯುತ್ತಾನೆ.