ವೈನ್: ರುಚಿ ಇರಬಹುದು, ಔಷಧಿಯಲ್ಲ

ಕಳೆದ ವರ್ಷದ ಕೊನೆಯ ವಾರ ಹೊಸಪೇಟೆಯಲ್ಲಿ ಗೆಳೆಯರೊಬ್ಬರ ಮನೆಯ ಮಾಳಿಗೆಯ ಮೇಲೆ ನಾವು ಏಳೆಂಟು ಮಂದಿ ಸೇರಿದ್ದೆವು. ಒಗ್ಗರಣೆ ಮಂಡಕ್ಕಿ, ಮಿರ್ಚಿಯ ಪಕ್ಕದಲ್ಲಿ ಮೂರ್ನಾಲ್ಕು ವೈನ್ ಬಾಟಲಿಗಳೂ ಇದ್ದವು. ಈ ವರ್ಷ ಕುಡಿದುದರಲ್ಲಿ ಶ್ರೇಷ್ಠ ವೈನ್ ಯಾವುದು ಎಂದು ಚರ್ಚೆ ಹತ್ತಿತು. ಹಂಪಿಯ ಪ್ರವಾಸಿಗರಿಗೆಂದು ವಸತಿಗೃಹ ನಡೆಸುವವರೊಬ್ಬರು, ಪಕ್ಕದ ಕೊಪ್ಪಳ ಜಿಲ್ಲೆಯ 'ಹಂಪಿ ಹಿಲ್ಸ್' ತೋಟದ ಸ್ಯಾಂಜಿಯೋವೆಸಿಗೆ ಸಾಟಿಯೇ ಇಲ್ಲ ಎಂದರು. ಬೆಂಗಳೂರಿನಿಂದ ರಜೆಗೆ ಬಂದಿದ್ದ ಎಂಜಿನಿಯರರು ನಂದಿ ಬೆಟ್ಟದ ಕೆಂಪು ವೈನಿನ ಪರ ನಿಂತರು. ಸಂಡೂರಿನ ಗುತ್ತಿಗೆದಾರರಿಗೆ ನಾಸಿಕ್‌ನದೇ ಆಗಬೇಕು. ಒಬ್ಬರು ಬಣ್ಣ ನೋಡಿದರು, ಇನ್ನೊಬ್ಬರು ಗ್ಲಾಸನ್ನು ತಿರುಗಿಸಿ ಮೂಸಿದರು. ವಾದ ಮುಗಿಯಲೇ ಇಲ್ಲ.

ಒಂದು ಮೂಲೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ನಿಂಬೆ ಪಾನಕ ಹಿಡಿದು ಕೂತಿದ್ದರು. ಎರಡು ವರ್ಷದ ಹಿಂದೆ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಲಾಗಿದೆ. ಅವರು ನನ್ನ ಕಡೆ ತಿರುಗಿ, "ಡಾಕ್ಟರೇ, ಇವರ ರುಚಿಯ ಜಗಳ ಇರಲಿ. ಹಾರ್ಟಿಗೆ ಯಾವುದು ಒಳ್ಳೇದು ಹೇಳಿ, ಅದನ್ನೇ ಒಂದು ಬಾಟಲಿ ತರಿಸ್ತೀನಿ" ಎಂದರು.

"ಯಾವುದೂ ಅಲ್ಲ ಮೇಷ್ಟ್ರೇ" ಎಂದೆ. ಎಲ್ಲರೂ ನಕ್ಕರು. ಡಾಕ್ಟರು ಮೋಜು ಕೆಡಿಸಿದರು ಎಂದು ಯಾರೋ ಅಂದರು. ಆ ಗದ್ದಲದಲ್ಲಿ ವಿವರಿಸಲು ಆಗಲಿಲ್ಲ. ಮೇಷ್ಟ್ರ ಪ್ರಶ್ನೆ ಅವರೊಬ್ಬರದೇ ಅಲ್ಲವಾದ್ದರಿಂದ ಉತ್ತರವನ್ನು ಈ ವಾರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನದೇ ತಪ್ಪು

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಕಂಪ್ಲಿ ಕಡೆಯ ಭತ್ತದ ರೈತರೊಬ್ಬರು ರಕ್ತದೊತ್ತಡಕ್ಕೆ ನನ್ನಲ್ಲಿ ಗುಳಿಗೆ ಬರೆಸಿಕೊಳ್ಳುತ್ತಿದ್ದರು. ಕುಡಿತದ ಅಭ್ಯಾಸವೇ ಇರದ ಮನುಷ್ಯ. ಒಂದು ದಿನ, "ರೆಡ್ ವೈನ್ ಹಾರ್ಟಿಗೆ ಒಳ್ಳೇದಂತ ಪೇಪರ್‌ನಾಗೆ ಬಂದೈತ್ರಿ ಸಾರ್, ತಗಬೋದಾ?" ಎಂದು ಕೇಳಿದರು. ಹೊರಗೆ ರೋಗಿಗಳ ಸಾಲು ಇತ್ತು. "ಸ್ವಲ್ಪವಾದರೆ ಪರವಾಗಿಲ್ಲ, ಹೃದಯಕ್ಕೆ ಒಳ್ಳೆಯದೇ ಅಂತಾರೆ" ಎಂದುಬಿಟ್ಟೆ.

ಎರಡು ವರ್ಷ ಕಳೆದ ಮೇಲೆ ಅವರ ಹೆಂಡತಿ ಅವರನ್ನು ಕರೆತಂದರು. ಒಂದು ಗ್ಲಾಸ್ ಎರಡಾಗಿ, ಎರಡು ಅರ್ಧ ಬಾಟಲಿಯಾಗಿ, ವೈನ್ ದುಬಾರಿ ಎನಿಸಿದಾಗ ಅದು ದಿನಕ್ಕೊಂದು ಕ್ವಾರ್ಟರ್ ಆಗಿತ್ತು. ರಕ್ತದೊತ್ತಡ ಯಾವ ಗುಳಿಗೆಗೂ ಬಗ್ಗುತ್ತಿರಲಿಲ್ಲ. ಪಿತ್ತಜನಕಾಂಗ ಊದಿಕೊಂಡಿತ್ತು. ನಾನು ಅವರನ್ನು ಗದರಿಸಲು ಬಾಯಿ ತೆರೆಯುವಷ್ಟರಲ್ಲಿ ಆ ತಾಯಿ, "ಸಾರ್, ಅದು ಔಷಧಿ ಅಂತ ನೀವೇ ಹೇಳಿದ್ರಂತಲ್ಲ. ಬ್ಯಾಡ ಅಂತ ನಾ ಹೆಂಗ ಹೇಳ್ಲಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಯಾರಿಗೂ ಆ ಮಾತನ್ನು ಹೇಳಿಲ್ಲ.

ಈ ನಂಬಿಕೆ ಬಂದದ್ದು ಎಲ್ಲಿಂದ?

ಫ್ರಾನ್ಸಿನ ಜನ ಬೆಣ್ಣೆ, ಗಿಣ್ಣು, ಮಾಂಸ ಧಾರಾಳವಾಗಿ ತಿಂದರೂ ಅವರಲ್ಲಿ ಹೃದಯಾಘಾತ ಕಡಿಮೆ, ಇದಕ್ಕೆ ಕೆಂಪು ವೈನ್ ಕಾರಣವಿರಬಹುದು ಎಂದು 1991ರಲ್ಲಿ ಅಮೆರಿಕದ ದೂರದರ್ಶನ ಕಾರ್ಯಕ್ರಮವೊಂದು ತೋರಿಸಿತು. ಮರುವರ್ಷ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇದೇ ವಾದದ ಲೇಖನ ಬಂತು. ಸುದ್ದಿ ಜಗತ್ತಿನಾದ್ಯಂತ ಹರಡಿತು. ಮಿತವಾಗಿ ಕುಡಿಯುವವರಲ್ಲಿ ಹೃದಯದ ಕಾಯಿಲೆ ಕಡಿಮೆ ಎನ್ನುವ ಅಧ್ಯಯನಗಳೂ ಸಾಲಾಗಿ ಬಂದವು. ನನ್ನ ಪೀಳಿಗೆಯ ವೈದ್ಯರು ಓದಿದ್ದು ಇವನ್ನೇ.

ಆಮೇಲೆ ಇನ್ನಷ್ಟು ಎಚ್ಚರದಿಂದ ಲೆಕ್ಕ ಹಾಕಿದಾಗ ಆ ಅಧ್ಯಯನಗಳ ಲೋಪಗಳು ಕಂಡವು. 'ಕುಡಿಯದವರು' ಎಂಬ ಗುಂಪಿನಲ್ಲಿ, ಹಿಂದೆ ವಿಪರೀತ ಕುಡಿದು ಕಾಯಿಲೆ ಬಂದ ಮೇಲೆ ಬಿಟ್ಟವರೂ ಸೇರಿಹೋಗಿದ್ದರು. ಅವರ ಪಕ್ಕದಲ್ಲಿ ಮಿತವಾಗಿ ಕುಡಿಯುವವರು ಆರೋಗ್ಯವಂತರಾಗಿ ಕಾಣದೆ ಇರುತ್ತಾರೆಯೇ? ಇನ್ನೊಂದು, ಊಟದ ಜೊತೆ ಒಂದೇ ಗ್ಲಾಸ್ ವೈನ್ ಕುಡಿಯುವವರು ಸಾಮಾನ್ಯವಾಗಿ ಉಳ್ಳವರು. ಒಳ್ಳೆಯ ಊಟ, ವ್ಯಾಯಾಮ, ಕಾಲಕಾಲಕ್ಕೆ ತಪಾಸಣೆ ಎಲ್ಲವೂ ಅವರಿಗಿರುತ್ತದೆ. ಲಾಭ ವೈನಿನದೋ ಅನುಕೂಲದ ಬದುಕಿನದೋ ಬೇರ್ಪಡಿಸುವುದು ಕಷ್ಟ.

ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಾಟ್ರಾಲ್ ಎಂಬ ಅಂಶದ ಬಗೆಗೂ ಬಹಳ ಪ್ರಚಾರವಾಯಿತು. ಒಂದು ಲೀಟರ್ ಕೆಂಪು ವೈನಿನಲ್ಲಿ ಅದು ಇರುವುದು ಕೆಲವೇ ಮಿಲಿಗ್ರಾಂ. ಪ್ರಯೋಗಗಳಲ್ಲಿ ಕೊಡುವುದು ನೂರಾರು ಮಿಲಿಗ್ರಾಂ. ಅಷ್ಟನ್ನು ವೈನಿನಿಂದಲೇ ಪಡೆಯಹೊರಟರೆ ಹಂಡೆಗಟ್ಟಲೆ ಕುಡಿಯಬೇಕಾದೀತು.

ಹೃದಯದ ಮಟ್ಟಿಗೆ ತಜ್ಞರ ಚರ್ಚೆ ಪೂರ್ತಿ ಮುಗಿದಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಆರೋಗ್ಯಕ್ಕಾಗಿ ಕುಡಿಯಲು ಆರಂಭಿಸಿ ಎಂದು ಅಮೆರಿಕದ ಹೃದಯ ಸಂಘವೂ ಹೇಳುವುದಿಲ್ಲ. ಕ್ಯಾನ್ಸರ್ ವಿಷಯದಲ್ಲಂತೂ ಸಂಶಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿತು. ಬಾಯಿ, ಗಂಟಲು, ಅನ್ನನಾಳ, ಪಿತ್ತಜನಕಾಂಗ, ದೊಡ್ಡ ಕರುಳು ಮತ್ತು ಹೆಂಗಸರಲ್ಲಿ ಸ್ತನ, ಈ ಎಲ್ಲ ಕಡೆಯ ಕ್ಯಾನ್ಸರಿಗೂ ಮದ್ಯಕ್ಕೂ ನಂಟಿದೆ. ನಮ್ಮ ಭಾಗದಲ್ಲಿ ಗುಟ್ಕಾ, ತಂಬಾಕು ಜಗಿಯುವವರು ಬಹಳ. ತಂಬಾಕು, ಮದ್ಯ ಎರಡೂ ಸೇರಿದರೆ ಬಾಯಿ ಕ್ಯಾನ್ಸರಿನ ಅಪಾಯ ಬರೀ ಕೂಡುವುದಿಲ್ಲ, ಗುಣಿಸುತ್ತದೆ.

"ಕುಡಿಯಲ್ಲ, ವೈನ್ ಮಾತ್ರ"

ನಮ್ಮೂರಲ್ಲಿ 'ವೈನ್ ಶಾಪ್' ಎಂಬ ಬೋರ್ಡಿನ ಕೆಳಗೆ ಹೆಚ್ಚಾಗಿ ಮಾರಾಟವಾಗುವುದು ವೈನ್ ಬಿಟ್ಟು ಉಳಿದೆಲ್ಲ. ನನ್ನ ಚಿಕಿತ್ಸಾಲಯದಲ್ಲಿ ಇದರ ತಿರುವುಮುರುವು ನಡೆಯುತ್ತದೆ. "ಕುಡಿಯುತ್ತೀರಾ?" ಎಂದರೆ ಕೆಲವರು, "ಛೇ, ಇಲ್ಲ ಡಾಕ್ಟರೇ, ವೈನ್ ಮಾತ್ರ" ಎನ್ನುತ್ತಾರೆ. ವೈನ್ ಕುಡಿತದ ಲೆಕ್ಕಕ್ಕೇ ಸೇರಿಲ್ಲ!

ಹಾಗಾದರೆ ಲೆಕ್ಕ ಮಾಡೋಣ. ಶೇಕಡಾ 13ರಷ್ಟು ಮದ್ಯಸಾರವಿರುವ 750 ಮಿಲಿಲೀಟರಿನ ಒಂದು ಬಾಟಲಿ ವೈನಿನಲ್ಲಿ ಸುಮಾರು 77 ಗ್ರಾಂ ಮದ್ಯಸಾರ ಇರುತ್ತದೆ. 180 ಮಿಲಿಲೀಟರಿನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಇರುವುದು ಸುಮಾರು 61 ಗ್ರಾಂ. ಅಂದರೆ ಒಂದು ಬಾಟಲಿ ವೈನ್ ಒಂದು ಕ್ವಾರ್ಟರಿಗಿಂತ ಹೆಚ್ಚೇ ಆಯಿತು. 200 ಮಿಲಿಲೀಟರ್ ಹಿಡಿಯುವ ದೊಡ್ಡ ಗ್ಲಾಸ್ ವೈನ್ ಮತ್ತು 60 ಮಿಲಿಲೀಟರ್ ವಿಸ್ಕಿ, ಎರಡರಲ್ಲೂ ಇರುವುದು ಸುಮಾರು 20 ಗ್ರಾಂ. ನಮ್ಮ ಪಿತ್ತಜನಕಾಂಗ ಗಂಟೆಗೆ ಅರಗಿಸಬಲ್ಲದ್ದು ಹೆಚ್ಚುಕಡಿಮೆ 7ರಿಂದ 10 ಗ್ರಾಂ ಮಾತ್ರ. ಅದಕ್ಕೆ ನಾಸಿಕ್, ನಂದಿ, ಹಂಪಿ ಎಂಬ ಭೇದ ಗೊತ್ತಿಲ್ಲ. ಬಾಟಲಿಯ ಬೆಲೆಯನ್ನೂ ಅದು ಕೇಳುವುದಿಲ್ಲ.

ಭೇದ ಮಾಡುವವರು ನಾವು. ದಿನವಿಡೀ ಅದಿರು ಸಾಗಿಸಿ ರಾತ್ರಿ ಕ್ವಾರ್ಟರ್ ಹಾಕುವ ಸಂಡೂರಿನ ಲಾರಿ ಚಾಲಕನನ್ನು ಕುಡುಕ ಎನ್ನುತ್ತೇವೆ. ಅಷ್ಟೇ ಮದ್ಯಸಾರವನ್ನು ಉದ್ದ ಕಾಲಿನ ಗ್ಲಾಸಿನಲ್ಲಿ ಕುಡಿದವರನ್ನು ರಸಿಕ ಎನ್ನುತ್ತೇವೆ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ವೈನ್ ಉದ್ಯಮಕ್ಕೆ ಉತ್ತೇಜನ ಕೊಡುವ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದೂ ಅದೇ 2007ರಲ್ಲಿ. ಎರಡಕ್ಕೂ ಅದರದರ ಕಾರಣಗಳಿದ್ದವು. ಆದರೆ ಬಡವರು ಕುಡಿಯುವುದು ಪಿಡುಗು, ಉಳ್ಳವರು ಕುಡಿಯುವುದು ಆರೋಗ್ಯ ಎಂದು ಮನಸ್ಸಿನಲ್ಲಿ ಬರೆದುಕೊಂಡರೆ, ಮೋಸ ಹೋಗುವವರು ಉಳ್ಳವರೇ. ಚಾಲಕನಿಗೆ ತಾನು ಕುಡಿಯುತ್ತೇನೆಂಬುದು ಗೊತ್ತಿದೆ, ವೈದ್ಯರೂ ಅವನನ್ನು ಕೇಳುತ್ತಾರೆ. ವೈನ್ ಕುಡಿಯುವವರನ್ನು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ದ್ರಾಕ್ಷಿ ಬೆಳೆಗಾರರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಈ ನೆಲಕ್ಕೆ ದ್ರಾಕ್ಷಿ ಹೊಸದೂ ಅಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಪೇಟೆಯಲ್ಲಿ ದ್ರಾಕ್ಷಿ, ದಾಳಿಂಬೆ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಂದು ನಮ್ಮ ಕಡೆಯ ಗುಡ್ಡಗಳ ದ್ರಾಕ್ಷಿಯಿಂದ ಒಳ್ಳೆಯ ವೈನ್ ತಯಾರಾಗುತ್ತದೆ ಎಂದರೆ ಅದು ಬೆಳೆಗಾರರ ಕೌಶಲ. ರುಚಿಯ ಮಾತನ್ನು ರುಚಿ ಬಲ್ಲವರು ಆಡಲಿ. ರುಚಿಗೆ ಸಿಕ್ಕ ಬಹುಮಾನವನ್ನು ಆರೋಗ್ಯದ ಪ್ರಮಾಣಪತ್ರ ಎಂದು ಓದಬೇಡಿ ಎಂಬುದಷ್ಟೇ ನನ್ನ ತಕರಾರು. ಅಂದ ಹಾಗೆ, ಸ್ಪರ್ಧೆಗಳಲ್ಲಿ ಹತ್ತಾರು ವೈನ್‌ಗಳಿಗೆ ಅಂಕ ಕೊಡುವ ಪರಿಣತರು ಪ್ರತಿ ಗುಟುಕನ್ನೂ ಬಾಯಲ್ಲಿ ಆಡಿಸಿ ಪಕ್ಕದ ಪಾತ್ರೆಗೆ ಉಗುಳುತ್ತಾರೆ. ಆ ರಾತ್ರಿ ಮಾಳಿಗೆಯ ಮೇಲೆ ಉಗುಳಿದವರನ್ನು ನಾನು ಕಾಣಲಿಲ್ಲ!

ಯಾರಿಗೆ ಹನಿಯೂ ಬೇಡ?

ವೈನ್ ಕುಡಿದರೆ ಮೈಬಣ್ಣ ತಿಳಿಯಾಗುತ್ತದೆ ಎಂಬ ನಂಬಿಕೆ ನಮ್ಮ ಹೆಣ್ಣುಮಕ್ಕಳಲ್ಲಿ ಹಬ್ಬಿದೆ. ಹುಟ್ಟುವ ಮಗು ಬೆಳ್ಳಗಾಗಲಿ ಎಂದು ಬಸುರಿಗೆ ಕೊಡಿಸುವವರೂ ಇದ್ದಾರೆ. ಇದಕ್ಕೆ ಯಾವ ಆಧಾರವೂ ಇಲ್ಲ. ತಾಯಿ ಕುಡಿದ ಮದ್ಯಸಾರ ನೇರವಾಗಿ ಹೊಟ್ಟೆಯಲ್ಲಿನ ಮಗುವಿಗೆ ತಲುಪಿ ಅದರ ಮಿದುಳಿನ ಬೆಳವಣಿಗೆಯನ್ನು ಕೆಡಿಸಬಲ್ಲದು. ಬಸುರಿಯರಿಗೆ ಒಂದು ಚಮಚವೂ ಬೇಡ. ಬಾಣಂತಿಗೆ, ನೆಗಡಿಯಾದ ಮಗುವಿಗೆ ಬ್ರಾಂದಿ ಕೊಡುವ ಹಳೆಯ ರೂಢಿಯನ್ನೂ ಬಿಡಿ.

ಪಿತ್ತಜನಕಾಂಗದಲ್ಲಿ ಕೊಬ್ಬು ಸೇರಿದೆ ಎಂದು ಸ್ಕ್ಯಾನಿಂಗಿನಲ್ಲಿ ಬಂದವರು, ಹಿಂದೆ ಕಾಮಾಲೆಯಿಂದ ಬಳಲಿ ಲಿವರ್ ದುರ್ಬಲವಾದವರು ದೂರವಿರಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಗುಳಿಗೆ ತೆಗೆದುಕೊಳ್ಳುವವರಲ್ಲಿ, ಊಟವಿಲ್ಲದೆ ಕುಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ತೂರಾಡುವುದನ್ನು ನೋಡಿ ಮನೆಯವರು ಅಮಲೆಂದು ಮಲಗಿಸಿಬಿಡುತ್ತಾರೆ, ಅಲ್ಲಿಗೆ ಜೀವಕ್ಕೇ ಕುತ್ತು. ನಿದ್ರೆ ಗುಳಿಗೆಯ ಜೊತೆ ಮದ್ಯ ಸೇರಿದರೆ ಉಸಿರಾಟವೇ ಕುಗ್ಗಬಹುದು. ಮೇಷ್ಟ್ರಂತೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ನುಂಗುವವರಲ್ಲಿ ಹೊಟ್ಟೆಯೊಳಗೆ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಹೃದಯಕ್ಕೆಂದು ಕುಡಿಯಹೊರಟವರಿಗೇ ಈ ಅಪಾಯ ಕಾದಿದೆ ಎಂಬುದನ್ನು ಗಮನಿಸಿ.

ಇನ್ನು ವಾಹನ ನಡೆಸುವವರು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ಕಾನೂನಿನ ಪ್ರಕಾರ ಅಪರಾಧ. ಕಮಲಾಪುರದಿಂದ ಹೊಸಪೇಟೆಗೆ ಹತ್ತೇ ನಿಮಿಷದ ದಾರಿ ಎಂದು ಗಾಡಿ ಹತ್ತಬೇಡಿ. ಅಪಘಾತಕ್ಕೆ ಹತ್ತು ನಿಮಿಷ ಬೇಕಿಲ್ಲ.

ಹಾಗಾದರೆ ಏನು ಮಾಡಬೇಕು?

ಕುಡಿಯದವರು ಯಾರ ಮಾತು ಕೇಳಿಯೂ, ವೈದ್ಯರ ಮಾತು ಕೇಳಿಯೂ, ಆರೋಗ್ಯಕ್ಕೆಂದು ಆರಂಭಿಸಬೇಡಿ. ಅಪರೂಪಕ್ಕೆ ರುಚಿಗೆಂದು ಕುಡಿಯುವವರು ಅದು ರುಚಿಗೆ ಎಂದೇ ತಿಳಿದಿರಿ. ಅಳೆದು ಒಂದು ಸಣ್ಣ ಗ್ಲಾಸ್, ಊಟದ ಜೊತೆಗೆ, ಅಷ್ಟಕ್ಕೇ ನಿಲ್ಲಿಸಿ. 'ದಿನಕ್ಕೊಂದು' ಎಂಬ ನೇಮ ಬೇಡ. ಔಷಧಿಯನ್ನು ದಿನವೂ ತಪ್ಪದೆ ತೆಗೆದುಕೊಳ್ಳುವುದು ನಮ್ಮ ರೂಢಿ. ವೈನಿಗೆ ಔಷಧಿ ಎಂಬ ಹೆಸರಿಟ್ಟರೆ ಅದೂ ದಿನಚರಿಗೆ ಸೇರಿಹೋಗುತ್ತದೆ, ಆ ಕಂಪ್ಲಿಯ ರೈತರಿಗೆ ಆದ ಹಾಗೆ.

ವೈದ್ಯರು ಕೇಳಿದಾಗ ವೈನನ್ನೂ ಸೇರಿಸಿ ನಿಜ ಹೇಳಿ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈನಡುಕ, ಭ್ರಮೆ, ಫಿಟ್ಸ್ ಬರುವುದುಂಟು. ಅದಕ್ಕೆ ಔಷಧಿಗಳಿವೆ. ಬಿಡುವ ಮುನ್ನ ವೈದ್ಯರನ್ನು ಕಾಣಿ. ಯಾರಲ್ಲಿ ಕೇಳಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆ ರೈತರು ಕುಡಿತ ಬಿಡಲು ಒಂದೂವರೆ ವರ್ಷ ಬೇಕಾಯಿತು. ನಡುವೆ ಎರಡು ಸಲ ಮತ್ತೆ ಶುರುಮಾಡಿದ್ದರು. ಈಗಲೂ ತಪಾಸಣೆಗೆ ಬರುತ್ತಾರೆ. ಅವರ ಹೆಂಡತಿ ನಾನು ಬರೆದ ಪ್ರತಿ ಗುಳಿಗೆಯನ್ನೂ ತೋರಿಸಿ, "ಇದು ಖಂಡಿತ ಔಷಧೀನೇ ಅಲ್ಲಾ ಸಾರ್?" ಎಂದು ಕೇಳುತ್ತಾರೆ. ಹಾಗೆ ಕೇಳುವ ಹಕ್ಕು ಅವರಿಗಿದೆ.

ಮೇಷ್ಟ್ರೇ, ನಿಮ್ಮ ಹೃದಯಕ್ಕೆ ಬೇಕಾದುದು ತಪ್ಪದೆ ಗುಳಿಗೆ, ಬೆಳಗ್ಗೆ ಕಾಲುವೆ ದಂಡೆಯ ಮೇಲೆ ಅರ್ಧ ಗಂಟೆ ನಡಿಗೆ, ಉಪ್ಪು ಎಣ್ಣೆಯಲ್ಲಿ ಹಿಡಿತ. ಆ ರಾತ್ರಿ ಅಲ್ಲಿದ್ದ ಪೇಯಗಳಲ್ಲಿ ನಿಮ್ಮ ಹೃದಯಕ್ಕೆ ಒಳ್ಳೆಯದು ಯಾವುದೆಂದು ಕೇಳಿದಿರಲ್ಲ, ಅದು ಆಗಲೇ ನಿಮ್ಮ ಕೈಯಲ್ಲಿತ್ತು. ಮುಂದಿನ ಸಲ ಅದಕ್ಕೆ ಸಕ್ಕರೆ ಸ್ವಲ್ಪ ಕಡಿಮೆ ಇರಲಿ.